ನಲವತ್ತು ಪಿಸ್ತೂಲು

“ಟೋಪಿ ತೆಗಿಯೋ, ಯೆಹೂದಿ ಸೂಳೆಮಗನೇ!”

ತೆಗೆದೆ. ರೈಲು ನಿಲ್ದಾಣದಲ್ಲಿ ಒಂದೇ ಬೆನ್ನಿಗೆ ಒಂಬತ್ತು ಮೂಟೆ ಗೋಧಿ ಹೊರುವ, ನೋಡುವವರಿದ್ದರೆ ಹನ್ನೆರಡು ಹೊರುವ ಹಮಾಲಿ ಶ್ಮೆರಲ್ ಎಂಬ ನಾನು, ಬರಿತಲೆಯಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ನಿಂತೆ.

ಹೋದ ವಾರ ಎರಡು ದಿನ ಕೊಡಲಿ ಹಿಡಿದವರು ನಮ್ಮ ಬೀದಿಯನ್ನು ಕೊಚ್ಚುವಾಗ ಇವನ ಪೊಲೀಸರು ಮೂಲೆಯಲ್ಲಿ ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಿದ್ದರು. ಮೂರನೆಯ ದಿನ ರಷ್ಯಾದ ಚಕ್ರವರ್ತಿಯ ಸರ್ಕಾರಕ್ಕೆ ಎಚ್ಚರವಾಗಿ ವಿಚಾರಣೆ ಶುರುವಾಯಿತು. ಅಷ್ಟರಲ್ಲಿ ನಾನು ಹೆಂಡದಂಗಡಿಯಲ್ಲಿ ಬಾಯಿ ಬಿಟ್ಟಿದ್ದೆ:

“ಕಮ್ಮಾರ ಜುಸ್ಮನ್ನನ ಕುಲುಮೇಲಿ ನಲವತ್ತು ಪಿಸ್ತೂಲಿದ್ವು ಕಣ್ರೋ! ನಾನು ಮುಂದೆ, ಅವನು ಹಿಂದೆ. ಆ ನನ್ಮಕ್ಳು ಓಡಿದ ಧೂಳು ಇನ್ನೂ ಇಳಿದಿಲ್ಲ!”

ಇದ್ದದ್ದು ಐದು ಕಬ್ಬಿಣದ ಸಲಾಕೆ. ಹಿಡಿದು ನಿಂತದ್ದು ಜುಸ್ಮನ್ ಮತ್ತು ನಾಲ್ವರು. ನಾನು ಉಪ್ಪುನೀರಲ್ಲಿ ಎಲೆಕೋಸು ಹಾಕಿಟ್ಟ ಪೀಪಾಯಿಯೊಳಗೆ ಮೂಗು ಮಾತ್ರ ಮೇಲಿಟ್ಟುಕೊಂಡು ಕೂತಿದ್ದೆ.

ನನ್ನ ಮಾತನ್ನು ಯಾರೋ ಠಾಣೆಗೆ ಮುಟ್ಟಿಸಿದರು. ಗಲಭೆ ಎಬ್ಬಿಸಿದವನೇ ಜುಸ್ಮನ್ ಎಂದು ಅವನಿಗೆ ಬೇಡಿ ಬಿತ್ತು. ಅದಕ್ಕೇ ಈಗ ನಾನು ಈ ಅಧಿಕಾರಿಯ ಮುಂದೆ ನಿಂತಿದ್ದೆ.

“ಬುದ್ಧೀ, ನಾನಂದಿದ್ದು ಬರೀ ಬುರುಡೆ. ಒಂದು ಪಿಸ್ತೂಲೂ ಇರ್ಲಿಲ್ಲ.”

“ಸರ್ಕಾರ ಬರ್ಕೊಂಡ ಮೇಲೆ ಬುರುಡೆ ಹೆಂಗಾಯ್ತದಲೇ?”

“ಮತ್ತೆ ಕೊಡಲಿ ಹಿಡಿದೋರು?”

“ಗುರುತು ಸಿಕ್ಕಿಲ್ಲ. ಸೋಮವಾರ ಆ ಕಮ್ಮಾರ ಸೈಬೀರಿಯಾಕ್ಕೆ ಗಡೀಪಾರು. ನಡಿ ಆಚೆಗೆ.”

ಅನ್ಯಾಯಕ್ಕೊಳಗಾದವರು ಶನಿವಾರದ ಸಬ್ಬತ್ತಿನ ಬೆಳಿಗ್ಗೆ ಪ್ರಾರ್ಥನಾಮಂದಿರದ ಮೇಜು ಗುದ್ದಿದರೆ ಧರ್ಮಗ್ರಂಥದ ಓದು ನಿಲ್ಲಬೇಕು. ದೂರು ಕೇಳುವ ತನಕ ಗ್ರಂಥದ ಸುರುಳಿ ಮುಂದೆ ಸರಿಯುವಂತಿಲ್ಲ. ನಮ್ಮ ಪದ್ಧತಿ ಅದು. ಆ ಶನಿವಾರ ಜುಸ್ಮನ್ನನ ಹೆಂಡತಿ ಹೋಡೆಸ್ ಗುದ್ದಲೆಂದೇ ಹೆಂಗಸರ ಅಟ್ಟದಿಂದ ಇಳಿದು ಬರುತ್ತಿದ್ದಳು. ಅವಳಿಗಿಂತ ಮುಂಚೆ ನಾನು ಗುದ್ದಿದೆ.

“ನಿಂಗೇನೋ ಅನ್ಯಾಯ ಆಗಿರೋದು, ಶ್ಮೆರಲ್?” ಎಂದರು ಗುರುಗಳು.

“ಆಗಿಲ್ಲ ಗುರುಗಳೇ. ಮಾಡಿದ್ದೀನಿ.”

ಎಲ್ಲ ಹೇಳಿದೆ. ಮುಂದಿನ ಸಾಲಿನವರು ಕಿಸಕ್ಕನೆ ನಕ್ಕರು. “ಪೀಪಾಯಿ ಎಷ್ಟು ದೊಡ್ಡದಿತ್ತೋ? ಕುದುರೆಗಾಡಿ ಹಿಡಿಸ್ತಿತ್ತಾ?”

ಹೋಡೆಸ್ ನಗಲಿಲ್ಲ. “ನಮ್ಮ ಹಿತ್ತಿಲ ಪೀಪಾಯಿನಾ?”

“ಹೂಂ, ಅಕ್ಕಾ.”

“ಹಂಗಾದ್ರೆ ನಮ್ಮ ಯಜಮಾನ್ರು ನಿನ್ನ ಹೆಸ್ರು ಹಿಡಿದು ಕೂಗಿದ್ದು ಕೇಳಿಸ್ತು.”

“ಕೇಳಿಸ್ತು.”

“ಎಷ್ಟು ಸಲ?”

“ಎರಡು.”

ನಗು ನಿಂತಿತು. ಗುರುಗಳು ಓದು ಮುಂದುವರಿಸದೆ ಸುರುಳಿಯ ಮೇಲೆ ಬಟ್ಟೆ ಹೊದಿಸಿದರು.

“ನಡಿ ಠಾಣೆಗೆ,” ಎಂದಳು ಹೋಡೆಸ್. “ಇಲ್ಲಿ ಹೇಳಿದಷ್ಟೇ ಅಲ್ಲೂ ಹೇಳು. ಒಂದು ಮಾತು ಜಾಸ್ತಿ ಆಡಿದ್ರೆ ನಾಲಿಗೆ ಕಿತ್ತೇನು.”

ಊರಿಗೆ ಊರೇ ನಮ್ಮ ಹಿಂದೆ ಬಂತು ಎನ್ನಬಹುದು. ಬಂದವರು ಮೂವರು. ನಮ್ಮನ್ನು ಕಂಡು ಠಾಣೆಯ ಒಳಗಿಂದ ಯಾರೋ ಚಿಲಕ ಹಾಕಿದರು. ಹೋಡೆಸ್ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತಳು. ನಾನೂ ಕೂತೆ. ಸೈಬೀರಿಯಾಕ್ಕೆ ಕಳಿಸಲು ಜುಸ್ಮನ್ನನನ್ನು ಹೊರಗೆ ತರಬೇಕಾದರೆ ಇನ್ನು ನಮ್ಮನ್ನು ತುಳಿದುಕೊಂಡೇ ತರಬೇಕು.