ಗದ್ದದ ಗಾಯ

ಮಾನಿಟರಿನ ಗಾಜಿಗೆ ಬಳಿದ ವಿಭೂತಿ, ನಡುವೆ ಕುಂಕುಮ, ನೆತ್ತಿಗೊಂದು ಚೆಂಡುಹೂವು — ಲಾಸ್ಯ ಅದನ್ನೇ ನೋಡುತ್ತ ನಿಂತಿದ್ದಾಳೆ, ಆಯುಧಪೂಜೆ, ಕಂಪ್ಯೂಟರ್ ಆಟ ತಯಾರಿಸುವ ಈ ಲಕ್ಷ್ಮೀಪುರಂ ಆಫೀಸಿಗೆ ಇವತ್ತು ಎಲ್ಲರ ಮನೆಯವರೂ ಬರಬಹುದು, ಹಿನಕಲ್‌ನಿಂದ ಬಸ್ಸು ಹತ್ತಿ ಅವ್ವನೂ ಬಂದಿದ್ದಾಳೆ, ರೇಷ್ಮೆ ಸೀರೆ ಉಟ್ಟು, ಎಲ್ಲೈತೆ ಮಗಾ ನಿನ್ ಮುಖ ಬರೋ ಆಟ, ನಮ್ ಬೀದಿಗೆಲ್ಲ ಹೇಳ್ಬುಟ್ಟು ಬಂದಿವ್ನಿ — ಅವ್ವನಿಗೆ ಹೇಳಿದ್ದು ತಾನೇ ಅಲ್ಲವೇ, ಬಾಯಿ ಸುಮ್ಮನಿರಲಾರದೆ, ಆಟದಲ್ಲಿ ನನ್ನ ಮುಖ ಬರುತ್ತೆ ಕಣವ್ವ ಎಂದು, ಯಾವ ಪಾತ್ರಕ್ಕೆಂದು ಆಗ ಗೊತ್ತಿರಲಿಲ್ಲ, ನಿನ್ನೆ ಗೊತ್ತಾಯಿತು, ಇನ್ನು ಅವ್ವನ ಕಣ್ಣಿಗೆ ಅದು ಬೀಳದಿದ್ದರೆ ಸಾಕು, ಕರೆಂಟಾದರೂ ಹೋಗಬಾರದೆ. ವಾದ ತೆಗೆದವಳೂ ತಾನೇ, ಹೀರೋಗಳೆಲ್ಲ ಯಾಕೆ ಸರ್ ಬಿಳೀನೇ, ಆಡೋರಲ್ಲಿ ನಮ್ಮಂಥೋರೂ ಇದಾರಲ್ಲ, ಅವರಿಗೆ ನಾವೇನೂ ಕೊಡಬೇಕಾಗಿಲ್ವಾ — ಮ್ಯಾನೇಜರ್ ಪವಮಾನ ನಕ್ಕಿದ್ದ, ಎಲ್ಲರಿಗೂ ಸಮನಾಗಿ ಬಡಿಸೋಕೆ ಇದೇನು ಮದುವೆ ಪಂಕ್ತೀನಾ ಲಾಸ್ಯ, ದುಡ್ಡು ಕೊಡೋರು ಹೊರದೇಶದವರು, ಅವರು ಕೇಳಿದ ಮುಖ ಮಾಡಿಕೊಡೋದಷ್ಟೇ ನಮ್ಮ ಕೆಲಸ. ತಿಂಗಳು ಕಳೆದ ಮೇಲೆ ಅವನೇ ಕ್ಯಾಮೆರಾ ಹಿಡಿದು ಬಂದ, ನೀವು ಹೇಳಿದ್ದು ಸರಿ ಕಣ್ರೀ, ಕಪ್ಪು ಮುಖ ಬೇಕಾಗಿದೆ, ನಿಮ್ಮದೇ ಕೊಡಿ, ಪೌಡರ್ ಬೇಡ, ಇದ್ದ ಹಾಗೇ ಇರಲಿ — ಇದ್ದ ಹಾಗೇ ಇರಲಿ! ಹಿಂದೊಮ್ಮೆ ಗಂಡಿನ ಕಡೆಯವರಿಗೆ ಕಳಿಸುವ ಫೋಟೋಗೆಂದು ಸ್ಟುಡಿಯೋದಲ್ಲಿ ಕೂರಿಸಿ, ಒಸಿ ಬೆಳ್ಳಗೆ ಬರೋ ಅಂಗೆ ತೆಗೀರಿ ಸಾಮಿ ಎಂದು ಅವ್ವ ಬೇಡಿಕೊಂಡಿದ್ದಳು, ಕಡಲೆಹಿಟ್ಟು ತಿಕ್ಕಿ ತಿಕ್ಕಿ ಕೆನ್ನೆ ಉರಿಯುತ್ತಿತ್ತು, ಹುಟ್ಟಿದಾಗಿನಿಂದ ಯಾರೂ ಆಡದ ಮಾತನ್ನು ಪವಮಾನ ಆಡಿದ್ದ, ಲಾಸ್ಯ ಕರಗಿಹೋದಳು, ಗದ್ದದ ಹಳೇ ಗಾಯವೂ ಇರಲಾ ಸರ್, ಇರಲಿ ಇರಲಿ, ಅದೇ ಚೆನ್ನಾಗಿದೆ. ಗೆದ್ದೆ ಅಂದುಕೊಂಡಳು, ಪೆದ್ದಿ.

ನಿನ್ನೆ ಆಟ ನೋಡಿದಳು — ಕಾಡಿನಲ್ಲಿ ಅಡಗಿದ ಶತ್ರುಗಳು, ಗಂಡಸರ ಮೈ, ಕೈಯಲ್ಲಿ ಬಂದೂಕು, ಎಲ್ಲರ ಕತ್ತಿನ ಮೇಲೂ ಅವಳದೇ ಮುಖ, ಗುಂಡು ಹೊಡೆಯುವ ಹೀರೋ ಹಾಲಿನಂತೆ ಬೆಳ್ಳಗೆ. ಮುಖ ಬೇಕು ಅಂದ್ರಿ, ಕೊಟ್ವಲ್ಲ, ಅದೂ ಕಾಡು ತುಂಬ ಎಂದ ಪವಮಾನ, ಈಗ ಅಲ್ಲಿ ಅವನು ಅವ್ವನನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದಾನೆ, ಬನ್ನಿ ಅಮ್ಮ, ನೀವೇ ಆಡಿ, ಈ ಗುಂಡಿ ಒತ್ತಿ — ಬೇಡ ಅವ್ವ, ಅನ್ನು, ಈಗಲಾದರೂ ಅನ್ನು — ಅವ್ವ ಮೌಸಿಗೆ ನಮಸ್ಕಾರ ಮಾಡಿ ಒತ್ತುತ್ತಾಳೆ, ಮರದ ಮರೆಯಿಂದ ಬಂದ ಮುಖ ಹಿಂದಕ್ಕೆ ಬೀಳುತ್ತದೆ, ಗದ್ದದ ಗಾಯ ಮೇಲಾಗಿ. ಲಾಸ್ಯ ಚಿಕ್ಕವಳಿದ್ದಾಗ ಹಿನಕಲ್ ಮನೆಯ ಜಗಲಿಯಿಂದ ಬಿದ್ದು ಆದದ್ದು, ಅವ್ವ ಅರಿಸಿನ ಮೆತ್ತಿ ಎತ್ತಿಕೊಂಡಿದ್ದಳು, ಏಳು ಮಗಾ, ಏನೂ ಆಗಿಲ್ಲ — ಈಗಲೂ ಅದನ್ನೇ ಅನ್ನುತ್ತಿದ್ದಾಳೆ, ಪರದೆಗೆ, ಏಳು ಮಗಾ, ಆದರೆ ಗರಬಡಿದವಳ ಬೆರಳು ಗುಂಡಿಯ ಮೇಲೇ ಕೂತುಬಿಟ್ಟಿದೆ, ಬಂದೂಕು ನಿಲ್ಲುತ್ತಿಲ್ಲ, ಬೆರಳು ತೆಗಿಯವ್ವ, ಅನ್ನು, ಅನ್ನು, ಇನ್ನೊಂದು ಮರ, ಗದ್ದದ ಗಾಯ, ಬೀಳುತ್ತದೆ, ಏಳು ಮಗಾ, ಇನ್ನೊಂದು ಮರ, ಗದ್ದದ ಗಾಯ, ಬೀಳುತ್ತದೆ