ಮೂರರ ಕಾಲು

ಪ್ಲಮ್ ಹಣ್ಣು ಸೀಳಿ ಬೀಜ ತೆಗೆದೂ ತೆಗೆದೂ ರೊಸ್ವಿತಾಳ ಬೆರಳೆಲ್ಲ ನೇರಳೆಯಾಗಿತ್ತು. ಹಾಗಾಗಿ ಮೇಜಿನ ಮೇಲಿದ್ದ ಪತ್ರವನ್ನು ತಾನು ಮುಟ್ಟದೆ, ಕೇಕಿನ ತಟ್ಟೆ ಹಿಂದಿರುಗಿಸಲು ಬಂದ ಪಕ್ಕದ ಮನೆಯ ಹಾರ್ಮ್ಸ್‌ಗೆ ಹೇಳಿದಳು, "ಸ್ವಲ್ಪ ಓದಿ ನೋಡಿ. ತಪ್ಪಿದ್ರೆ ಹೇಳಿ."

ಪತ್ರ ಬ್ರೆಮೆನ್‌ನಲ್ಲಿರುವ ಅತ್ತಿಗೆ ಗೆಸೀನಳಿಗೆ. ಈಸ್ಟರಿಗೆ ಅವಳಿಂದ ಒಂದು ಕಾರ್ಡು ಬಂದಿತ್ತು: ಕಣ್ಣು ಮಂಜಾಗಿದೆ, ಕಾರು ಮಾರಿಬಿಟ್ಟೆ, ಇನ್ನು ಎಲ್ಲಿಗೂ ಬರುವ ಹಾಗಿಲ್ಲ. ಕಾರಿಲ್ಲದೆಯೂ ತನ್ನೂರು ಡ್ರೆಸ್ಡೆನ್‌ನಲ್ಲಿ ಎರಡು ದಿನ ರಾಣಿಯಂತೆ ತಿರುಗಬಹುದೆಂದು ರೊಸ್ವಿತಾ ಅಂದೇ ಬರೆಯಲು ಕೂತಿದ್ದಳು. ಈಗ ಬೇಸಿಗೆ ಮುಗಿಯುತ್ತಾ ಪ್ಲಮ್ ಹಣ್ಣಾಗಿದೆ, ಪತ್ರ ಮಾತ್ರ ಮೇಜು ಬಿಟ್ಟಿಲ್ಲ.

"ಟ್ರಾಮಲ್ಲಿ ಬಾಗಿಲ ಪಕ್ಕದ ಸೀಟು, ಮೆಟ್ಟಿಲಿಲ್ಲ," ಹಾರ್ಮ್ಸ್ ಓದುತ್ತಾ ಹೋದ. "ಹಗ್ಗ ಎಳೆಯೋ ರೈಲಲ್ಲಿ ಗುಡ್ಡ ಹತ್ತಿ ಕಾಫಿ. ಭಾನುವಾರ ದೋಣಿ, ಟ್ರಾಮಿನ ಟಿಕೆಟ್ಟೇ ಸಾಕು. ಭಲೇ, ನನ್ನನ್ನೂ ಕರ್ಕೊಂಡು ಹೋಗಿ."

"ನೀವು ಹತ್ತಿದ್ರೆ ದೋಣಿ ತೇಲಬೇಕಲ್ಲ."

ಅವನು ನಗುತ್ತಾ ಕೊನೆಯ ಸಾಲಿಗೆ ಬಂದು ನಿಂತ. "'ಶನಿವಾರ ಮೂರರ ಕಾಲಿಗೆ ಸ್ಟೇಷನ್ನಿನೆದುರು ಕಾಯುತ್ತೇನೆ. ಈ ಸಲವಾದರೂ ಹೊತ್ತಿಗೆ ಸರಿಯಾಗಿ ಬಾ.' ಮೂರರ ಕಾಲು ಅಂದ್ರೆ ಎರಡೂಕಾಲು ತಾನೆ?"

"ಇನ್ನೇನು? ಮೂರನೇ ಗಂಟೇಲಿ ಮೊದಲ ಕಾಲು ಮುಗೀತು ಅಂತ."

"ಅದು ನಿಮ್ಮೂರಿನ ಲೆಕ್ಕ. ಬ್ರೆಮೆನ್ ಕಡೆಯವರು ಮೂರೂಕಾಲು ಅಂದ್ಕೋತಾರೆ. ನಾನೂ ಆ ಕಡೆಯವನೇ ಅಲ್ವಾ, ಇಲ್ಲಿಗೆ ಬಂದ ಹೊಸದ್ರಲ್ಲಿ ಹಲ್ಲಿನ ಡಾಕ್ಟರ ಹತ್ರ ಒಂದು ಗಂಟೆ ತಡವಾಗಿ ಹೋಗಿ ಬೈಸ್ಕೊಂಡಿದ್ದೆ."

ರೊಸ್ವಿತಾಳ ಕೈಯಲ್ಲಿ ಚಾಕು ನಿಂತಿತು.

ಅಣ್ಣ ಸತ್ತು ವರ್ಷ ತುಂಬಿದ ಆ ದಿನ ನೆನಪಾಯಿತು. ಇಬ್ಬರೂ ಸೇರಿ ನದಿಗೆ ಹೂ ಬಿಡೋಣ, ಮೂರರ ಕಾಲಿಗೆ ದೋಣಿಗಟ್ಟೆಗೆ ಬಾ ಎಂದು ಫೋನಿನಲ್ಲಿ ಹೇಳಿದವಳು ತಾನೇ. ಕಾದಳು, ಕಾದಳು; ಗಂಡನ ದಿನಕ್ಕೂ ಬಾರದವಳೆಂದು ಸಿಟ್ಟಾಗಿ ಹೂಗಳನ್ನೆಲ್ಲ ಒಬ್ಬಳೇ ಬಿಟ್ಟು ಮನೆಗೆ ಬಂದಳು. ಮೂರು ಕಳೆದ ಮೇಲೆ ಗಟ್ಟೆಗೆ ಬಂದ ಗೆಸೀನ ಯಾರನ್ನೂ ಕಾಣದೆ ಅದೇ ಸಂಜೆ ಕಾರು ತಿರುಗಿಸಿಕೊಂಡು ಹೋದಳೆಂದು ಆಮೇಲೆ ದೋಣಿಯವನಿಂದ ತಿಳಿಯಿತು. ಅವಳೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಅಣ್ಣ ಇದ್ದಷ್ಟು ದಿನ ಇಬ್ಬರ ಗಡಿಯಾರಕ್ಕೂ ಅವನೇ ದುಭಾಷಿಯಾಗಿದ್ದ.

ರೊಸ್ವಿತಾ ಎದ್ದು ಏಪ್ರನ್ನಿಗೆ ಕೈ ಒರೆಸಿ ಕೊನೆಯ ಸಾಲನ್ನು ಹೊಡೆದುಹಾಕಿದಳು.

"ಹೊಸ ಹಾಳೇಲಿ ಬರೀರಿ, ಚೆಂದ ಕಾಣತ್ತೆ," ಎಂದ ಹಾರ್ಮ್ಸ್.

"ಹೊಸ ಹಾಳೆ ತಗೊಂಡ್ರೆ ಇನ್ನೊಂದು ಈಸ್ಟರ್ ಬಂದ್ಬಿಡತ್ತೆ."

ಹೊಡೆದ ಸಾಲಿನ ಕೆಳಗೆ, ಮಂಜುಗಣ್ಣಿಗೂ ಕಾಣಲೆಂದು ದಪ್ಪಕ್ಷರದಲ್ಲಿ ಬರೆದಳು: 'ಎರಡು ಗಂಟೆ ಹದಿನೈದು ನಿಮಿಷ. ಅವತ್ತು ನೀನು ಹೊತ್ತಿಗೆ ಸರಿಯಾಗಿಯೇ ಬಂದಿದ್ದೆ ಗೆಸೀನ. ನನಗೆ ಗೊತ್ತಾದದ್ದು ಇವತ್ತು. ಹೂ ತಂದಿಟ್ಟಿರುತ್ತೇನೆ. ನಿನ್ನ ರೈಲು ತಡವಾದರೂ ಕಾಯುತ್ತೇನೆ.'

ಅಂಚಿನಲ್ಲಿ ನೇರಳೆ ಹೆಬ್ಬೆಟ್ಟಿನ ಗುರುತು ಬಿತ್ತು. ಇರಲಿ ಎಂದು ಮಡಿಸಿ ಲಕೋಟೆಗೆ ಹಾಕಿ, ಏಪ್ರನ್ನಿನಲ್ಲೇ ಕೆಳಗಿಳಿದಳು.

ಹಳದಿ ಅಂಚೆಪೆಟ್ಟಿಗೆ ಇದ್ದದ್ದು ಟ್ರಾಮ್ ನಿಲ್ದಾಣದ ಪಕ್ಕದಲ್ಲೇ. ಅವಸರದಿಂದ ಬರುವ ಮುದುಕಿಯನ್ನು ಕಂಡು ಟ್ರಾಮಿನವನು ಬಾಗಿಲು ಮುಚ್ಚದೆ ಕಾದ. ನೀನು ಹೊರಡಪ್ಪ ಎಂದು ಅವನಿಗೆ ಒಂದು ಕೈ ಬೀಸಿ, ಇನ್ನೊಂದು ಕೈಯಿಂದ ರೊಸ್ವಿತಾ ಪತ್ರವನ್ನು ಒಳಗೆ ಬಿಟ್ಟಳು.