ಕೂಗಿ ಹೇಳಬೇಕಾದ ಮಾತು

ಕಿಟಕಿಯ ಗಾಜು ಮತ್ತೆ ಗಡಗಡ ಅನ್ನತೊಡಗಿದೆ, ಅಂದರೆ ಬಸ್ಸು ಹಿರೇಕೆರೂರು ದಾಟಿ ಹಾವೇರಿ ದಾರಿ ಹಿಡಿಯಿತು, ಪಕ್ಕದ ಸೀಟಿನ ಮೇಲೆ ಅಜ್ಜಿಯ ಹಸಿರು ಟವೆಲ್ಲು, ನಿಂತವರೊಬ್ಬರು ಕೇಳುತ್ತಾರೆ, ಇಲ್ಲೆ ಯಾರರ ಅದಾರೇನ್ರಿ, ಹ್ಞೂಂ ಅದಾರ್ರಿ, ಹಂಸಭಾವ್ಯಾಗ ಹತ್ತತಾರ, ಏನಂದೀ, ಹಂಸಭಾವ್ಯಾಗ ಹತ್ತತಾರ್ರಿ — ಒಂದು ಮಾತನ್ನು ಎರಡು ಸಲ ಆಡಬೇಕಾಯಿತು, ವಿದ್ಯಾಳ ಮಾತೇ ಹಾಗೆ, ತುಟಿ ದಾಟುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತದೆ, ಇವಳು ಕೆಲಸಕ್ಕಿರುವ ಔಷಧಿ ಅಂಗಡಿಯ ಮಾಲೀಕ ಮೃತ್ಯುಂಜಯ ದಿನಾ ಛೇಡಿಸುತ್ತಾನೆ, ಏನವಾ, ಗಿರಾಕಿ ಕೂಡ ಮಾತಾಡತೀಯೋ ಮಂತ್ರ ಹಾಕತೀಯೋ. ಇಂಥವಳು ಇವತ್ತು ಹಂಸಭಾವಿಯಲ್ಲಿ ಹತ್ತುವ ಹೂವಪ್ಪಜ್ಜನಿಗೆ ಹೇಳಬೇಕು, ತನ್ನ ಗುತ್ತೆವ್ವಜ್ಜಿ ಸತ್ತಳು ಅಂತ, ಅದೂ ತುಂಬಿದ ಬಸ್ಸಿನಲ್ಲಿ, ಅದೂ ಕೂಗಿ. ಮಿಲಿಟ್ರಿಯ ತೋಪಖಾನೆಯಲ್ಲಿ ವರ್ಷಗಟ್ಟಲೆ ತೋಪು ಹಾರಿಸಿ ಬಂದ ಅವನ ಕಿವಿಗೆ ಮೆಲ್ಲಗಿನ ಮಾತು ಒಂದೂ ಬೀಳುವುದಿಲ್ಲ. ಸಾವಿನ ಸುದ್ದಿಯನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ, ಹೆಗಲ ಮೇಲೆ ಕೈಯಿಟ್ಟು ಮುಖ ಆಚೆ ತಿರುಗಿಸಿ ಹೇಳುವ ಮಾತದು. ಮಣ್ಣಿನ ದಿನ ಅವನ ನೆನಪು ಯಾರಿಗೂ ಆಗಲಿಲ್ಲ, ಆಮೇಲೆ ನೆನಪಾದಾಗ ಅವನ ಹೊಲದ ಮನೆಯವರೆಗೆ ಹೋಗಿ ಹೇಳಿ ಬರುವವರು ಸಿಗಲಿಲ್ಲ, ಫೋನು ಮಾಡೋಣವೆಂದರೆ ಕಿವುಡನಿಗೆ ಎಂಥ ಫೋನು. ಆದರೆ ಹುಣ್ಣಿಮೆ ಕಳೆದ ಸೋಮವಾರ ಹಾವೇರಿಯ ಕಿವಿ ಡಾಕ್ಟರರ ಹತ್ತಿರ ಹೋಗಬೇಕೆಂಬುದು ಅವನಿಗೆ ಗೊತ್ತು, ಇದೇ ಬಸ್ಸೆಂಬುದೂ ಗೊತ್ತು, ಗುತ್ತೆವ್ವಕ್ಕ ಟವೆಲ್ಲು ಹಾಕಿ ಸೀಟು ಹಿಡಿದಿರುತ್ತಾಳೆಂದು ನಂಬಿ ಈಗಾಗಲೇ ರಸ್ತೆಯ ಬದಿಗೆ ಬಂದು ನಿಂತಿರುತ್ತಾನೆ, ಇಸ್ತ್ರಿಯ ಬಿಳಿ ಅಂಗಿ, ಬಲಗೈ ಕಿವಿಯ ಹಿಂದೆ.

ಆ ಕೈ. ಅಜ್ಜಿಯ ಮನೆಯ ಕಟ್ಟೆಯ ಮೇಲೆ ಅಂಥ ಎಷ್ಟು ಕೈಗಳು, ಹಾನಗಲ್ಲಿನಿಂದ ಒಬ್ಬ, ಶಿಗ್ಗಾಂವಿಯಿಂದ ಒಬ್ಬ, ಎಲ್ಲರೂ ಮಾಜಿ ಸೈನಿಕರು, ಎಲ್ಲರೂ ಅರೆಗಿವುಡರು, ಸಾಲಾಗಿ ಕೂತು ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿಕೊಂಡು ಅಜ್ಜಿಯ ಬಾಯನ್ನೇ ನೋಡುವರು, ಅಜ್ಜಿ ಚಹಾ ಸೋಸುತ್ತ ಕೂಗುವಳು, ಡಾಕ್ಟರ್ ಏನಂದ್ರಂದ್ರ, ಗುಳಿಗಿ ಉಂಡಮ್ಯಾಲ ತಗೋಬೇಕಂತ, ಉಂಡಮ್ಯಾಲ! ಕೇರಿಗೆಲ್ಲ ಗೊತ್ತಾಗುವುದು ಯಾರ ಗುಳಿಗೆ ಯಾವಾಗೆಂದು. ಅವಳು ಉಪ್ಪು ಕೇಳಿದರೆ ನಾಲ್ಕು ಮನೆಯವರು ಉಪ್ಪು ಹಿಡಿದು ಬರಬೇಕು, ಅಂಥ ದನಿ. ಹುಟ್ಟಿನಿಂದ ಬಂದ ದನಿಯಲ್ಲ ಅದು, ತಮ್ಮ ಮಾಲತೇಶನಿಗಾಗಿ ಬೆಳೆಸಿಕೊಂಡದ್ದು, ಅವರ ಕೇರಿಯಿಂದ ಮೊದಲು ಯೂನಿಫಾರ್ಮ್ ತೊಟ್ಟವನು ಅವನು, ದೂರ ಕೂಡಿಸುತ್ತಿದ್ದ ಊರವರೇ ಅವನು ರಜೆಗೆ ಬಂದಾಗ ಕುಂತ್ರಿ ಅನ್ನತೊಡಗಿದ್ದರಂತೆ, ಆದರೆ ಕೊನೆಗೆ ಊರಿಗೆ ಬಂದು ನಿಂತಾಗ ಅವನಿಗೆ ಆ ಕುಂತ್ರಿಯೇ ಕೇಳಿಸುತ್ತಿರಲಿಲ್ಲ. ಜನ ಬೆನ್ನಹಿಂದೆ ಆಡಿಕೊಂಡು ನಕ್ಕರು. ಒಂದು ದಿನ ಬಂಕಾಪುರದ ಹತ್ತಿರ ಹೈವೇ ದಾಟುವಾಗ ಲಾರಿಯವನು ಹಾರನ್ ಹೊಡೆದ, ಹೊಡೆದೇ ಹೊಡೆದ, ಇವನು ತನ್ನ ಪಾಡಿಗೆ ತಾನು ನಡೆದ. ಅಂದಿನಿಂದ ಅಜ್ಜಿಯದು ಒಂದೇ ಹಟ, ಕಿವಿ ಇಲ್ಲದ ಸಿಪಾಯಿ ಒಬ್ಬನಽ ರಸ್ತೆ ದಾಟಬಾರದು, ನಾ ಇರೂತನಕ ದಾಟಬಾರದು. ಕೈಹಿಡಿದು ದಾಟಿಸಿದಳು, ಬಸ್ಸು ಹತ್ತಿಸಿದಳು, ಡಾಕ್ಟರ ಮಾತನ್ನು ಕೂಗಿ ಕಿವಿಗೆ ಮುಟ್ಟಿಸಿದಳು, ಸಂಜೆ ಬಂದು ರೊಟ್ಟಿ ಬಡಿದಳು. ಮನೆಯವರನ್ನು ಮರೆತಳೇ, ಇಲ್ಲ, ತಾಯಿ ಸತ್ತ ವಿದ್ಯಾಳನ್ನು, ಅಪ್ಪ ಸವಣೂರಿನಲ್ಲಿ ಇನ್ನೊಂದು ಸಂಸಾರ ಹೂಡಿದ ಮೇಲೆ, ಸೊಂಟಕ್ಕೆ ಏರಿಸಿಕೊಂಡು ತಂದವಳು ಅವಳೇ, ನನ್ನ ಮೊಮ್ಮಗಳು ಯಾರ ಮನಿ ಬಾಗಲಾಗೂ ನಿಲ್ಲಬಾರದು ಅಂದವಳು. ವಿದ್ಯಾ ಉಂಡಿಯೇನ ಅಂತ ಇವಳು ಓದುತ್ತಿದ್ದ ಗೊಟಗೋಡಿಯ ಹಾಸ್ಟೆಲಿನ ಗೇಟಿನಿಂದಲೇ ಕೂಗಿದ್ದಳು ಒಮ್ಮೆ, ಕೈಯಲ್ಲಿ ಶೇಂಗಾ ಚಟ್ನಿ ಗಂಟು, ಮಹಡಿಯ ಮೇಲಿನ ಹುಡುಗಿಯರೆಲ್ಲ ಬಗ್ಗಿ ನೋಡಿ, ಉಂಡೇವ್ರಿ ಅಜ್ಜೀ, ನಾವೂ ಉಂಡೇವ್ರಿ! ಈಗ ಮನೆಯಲ್ಲಿ ಯಾರೂ ಕೇಳುವುದಿಲ್ಲ. ರಾತ್ರಿ ಪಾತ್ರೆ ಇಟ್ಟ ಸದ್ದಿಗೆ ತಾನೇ ಬೆಚ್ಚುತ್ತಾಳೆ, ಅಷ್ಟು ಸುಮ್ಮನಿದೆ ಮನೆ, ಯಾವ ಮನೆಯೂ ಇಷ್ಟು ಸುಮ್ಮನಿರಬಾರದು, ಗೋಡೆಗೆ ಆತು ಕೂತು ಒಬ್ಬಳೇ ಉಣ್ಣುತ್ತ ಉಂಡೆ ಅಜ್ಜಿ ಅಂದಳು ಮೊನ್ನೆ, ತನ್ನ ದನಿ ತನಗೇ ಬೇರೆಯವರದೆನಿಸಿ ಅಳು ಬಂತು. ಕೊನೆಯ ದಿನ ಆಸ್ಪತ್ರೆಯಲ್ಲಿ ಆ ದೊಡ್ಡ ದನಿ ಎಲ್ಲೋ ಇಳಿದುಹೋಗಿತ್ತು, ತುಟಿ ಮಾತ್ರ ಆಡಿತು, ವಿದ್ಯಾ ಬಗ್ಗಿದಳು, ಇನ್ನೂ ಬಗ್ಗಿದಳು, ಕಿವಿಯ ಹಿಂದೆ ಅಂಗೈ ಇಟ್ಟಳು ಕಟ್ಟೆಯ ಮೇಲಿನ ಮುದುಕರ ಹಾಗೆ, ಅಜ್ಜಿ ಏನಂದಿಬೇ, ಇನ್ನೊಮ್ಮೆ ಹೇಳ, ಉಸಿರು ಮಾತ್ರ ಬಿಸಿಯಾಗಿ ತಾಗಿತು. ಏನಂದಳೋ. ಹಾಗೇ ಕೈಯಿಟ್ಟುಕೊಂಡು ಎಷ್ಟು ಹೊತ್ತು ಬಗ್ಗಿದ್ದಳೋ, ನರ್ಸ್ ಬಂದು ಕೈ ತೆಗೆಸಿದಳು.

ಹಂಸಭಾವಿ, ಹಂಸಭಾವಿ, ಇಳಿಯೋರು ಇಳೀರಿ — ಬಂದೇ ಬಿಟ್ಟಿತು, ಮೆಟ್ಟಿಲ ಹತ್ತಿರ ಬಿಳಿ ಅಂಗಿ, ಅವನೇ, ಜನರನ್ನು ಸರಿಸುತ್ತ ಬರುತ್ತಿದ್ದಾನೆ, ಟವೆಲ್ಲು ನೋಡಿ ಮುಖ ಅರಳಿತು, ಬ್ಯಾಡಪ್ಪಾ ಬ್ಯಾಡ, ಅರಳಬ್ಯಾಡ, ಟವೆಲ್ಲು ಮಡಿಚಿ ತೊಡೆಯ ಮೇಲಿಟ್ಟು ಕೂತ, ಏನವಾ, ಇವತ್ತ ನೀ ಬಂದಿ, ಅಕ್ಕ ಎಲ್ಲೆ? ಹಿಂದಿನ ಸೀಟಿನತ್ತ ತಿರುಗಿ ನೋಡಿದ, ಬಾಗಿಲತ್ತ ನೋಡಿದ, ಅಕ್ಕ ಎಲ್ಲೆ, ಮೊಣಕಾಲು ಹಿಡಕೊಂಡಾವೇನ? ಅಜ್ಜಿ ತೀರಿಕೊಂಡ್ಲ್ರಿ, ಅಂದಳು ವಿದ್ಯಾ, ತನಗೂ ಕೇಳಿಸಲಿಲ್ಲ. ಬಲಗೈ ಕಿವಿಯ ಹಿಂದೆ ಹೋಯಿತು. ಜೋರ ಹೇಳವಾ. ತೀರಿಕೊಂಡ್ಲ್ರಿ ಅಜ್ಜಾ. ಜೋರ, ಇನ್ನೂ ಜೋರ, ನಿಮ್ಮಜ್ಜಿ ಹಂಗ ಹೇಳ. ಕಂಡಕ್ಟರ್ ನೋಡುತ್ತಿದ್ದಾನೆ, ನಿಂತ ಹೆಂಗಸರು ನೋಡುತ್ತಿದ್ದಾರೆ, ಹಾವೇರಿ ಮುಟ್ಟಿದ ಮೇಲೆ ಹೇಳಿದರಾಗದೇ, ಇಲ್ಲ, ಅಲ್ಲಿಯತನಕ ಇವನು ಪ್ರತಿ ಸ್ಟಾಪಿನಲ್ಲೂ ಬಾಗಿಲು ನೋಡುತ್ತಾನೆ, ಅದನ್ನು ನೋಡಲಾಗದು, ಅವನ ಕಿವಿಯತ್ತ ಬಗ್ಗಿ ಕೂಗಿದಳು, ಅಜ್ಜಿ ಸತ್ತಳ್ರೀ ಅಜ್ಜಾ, ನಮ್ಮಜ್ಜಿ ಸತ್ತಳ್ರೀ! ಕೂಗು ಡ್ರೈವರನವರೆಗೆ ಹೋಯಿತು, ಬಸ್ಸಿನ ಮಾತೆಲ್ಲ ನಿಂತಿತು, ಗಾಜು ಮಾತ್ರ ಗಡಗಡ, ಯಾರೋ ಅಯ್ಯ ಶಿವನ ಅಂದರು. ಅವನಿಗೆ ಕೇಳಿಸಿದೆ. ಕೇಳಿಸಿದ್ದು ಕಣ್ಣಿನಲ್ಲಿ ಕಾಣುತ್ತಿದೆ, ಒಂದು ಹನಿ ಮೀಸೆಯವರೆಗೆ ಬಂತು. ಆದರೂ ಕೈ ಇಳಿಸಲಿಲ್ಲ, ಇವಳು ಇನ್ನೊಂದು ಮಾತು ಹೇಳುತ್ತಾಳೆಂದು, ಬೇರೆ ಮಾತೇನಾದರೂ ಇದ್ದೀತೆಂದು, ಇವಳ ಬಾಯನ್ನೇ ನೋಡುತ್ತ, ಕಿವಿಯ ಹಿಂದೆ ಆ ಕೈ, ಬಟ್ಟಲಿನಂತೆ, ಕಿವಿಯ ಹಿಂದೆ, ಆ ಕೈ —